ಬಂಡೆಗೆ ಒರಗಿದ ಬಂದೂಕು

ಗುರಿ ಹೊಡೆಯುವ ಆಟದಲ್ಲಿ ಬಹುಕಾಲದಿಂದ ಒಂದು ಮೇಲು-ಕೀಳು ನಡೆದುಬಂದಿದೆ. ನಿಂತು, ಬಂದೂಕನ್ನು ಕೈಯಲ್ಲೇ ತೂಗಿ ಹಿಡಿದು ಹೊಡೆಯುವವನು ಎಲ್ಲರಿಗಿಂತ ಮೇಲು. ಮಂಡಿಯೂರಿದವನು ಅವನ ನಂತರ, ಬೋರಲು ಮಲಗಿದವನು ಅವನಿಗೂ ನಂತರ. ಮೇಜಿನ ಮುಂದೆ ಕೂತು, ಮರಳುಚೀಲದ ಮೇಲೆ ಬಂದೂಕು ಒರಗಿಸಿ ಹೊಡೆಯುವವನನ್ನು ಗುರಿಕಾರ ಎಂದು ಕರೆಯಲೂ ಹಲವರು ಹಿಂಜರಿಯುತ್ತಾರೆ. ಅಲ್ಲಿ ಪರೀಕ್ಷೆಯಾಗುವುದು ಬಂದೂಕು, ಕೈಯಲ್ಲ ಎಂಬುದು ಅವರ ಮಾತು. ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ನಿಲುವಿಗೆ ಜಾಗವಿದೆ, ಮಂಡಿಗೂ ಬೋರಲಿಗೂ ಜಾಗವಿದೆ, ಮೇಜಿಗೆ ಇಲ್ಲ. ಈ ಶ್ರೇಣಿ ಗುರಿವಿದ್ಯೆಯ ಸ್ವಭಾವದಲ್ಲೇ ಇದೆ ಎಂದು ನಂಬಿದವರು ಹೆಚ್ಚು. ಆದರೆ ಅದಕ್ಕೊಂದು ಹುಟ್ಟಿದ ಕಾಲವಿದೆ, ಹುಟ್ಟಿದ ಜಾಗವಿದೆ, ಮತ್ತು ಆ ಜಾಗ ನಮ್ಮದಲ್ಲ. ಹುಣಸಗಿ, ಸುರಪುರ, ಶಹಾಪುರಗಳ ಬಂಡೆಗಾಡಿನಲ್ಲಿ ಬಂದೂಕು ಹೆಸರು ಗಳಿಸಿದ್ದು ಆಸರೆಯ ಮೇಲೆ ಕೂತು. ಆ ಹೆಸರು ದಿಲ್ಲಿಯ ಬಾದಶಹನ ದರಬಾರಿನವರೆಗೂ ಮುಟ್ಟಿತ್ತು. ಆ ಕಥೆಯನ್ನು ಸರಿಯಾಗಿ ಓದಿದರೆ, ಮೇಜಿನ ಮುಂದೆ ಕೂತು ಗುರಿ ಹಿಡಿಯುವುದು ಕಲೆಯ ಇಳಿತವೆಂಬ ಮಾತು ನಿಲ್ಲುವುದಿಲ್ಲ.

ಹುಣಸಗಿಯ ಹೆಸರು ಜಗತ್ತಿನ ಪುಸ್ತಕಗಳಲ್ಲಿ ಬರುವುದು ಕಲ್ಲಿನ ಕಾರಣಕ್ಕೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ-ಬೈಚಬಾಳ ಕಣಿವೆಯಲ್ಲಿ ದಶಕಗಳ ಕಾಲ ನಡೆಸಿದ ಶೋಧ, ಹತ್ತಿರದ ಇಸಾಂಪುರದಲ್ಲಿ ಹಳೆ ಶಿಲಾಯುಗದವರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಬೆಳಕಿಗೆ ತಂದಿತು. ಅದರ ವಯಸ್ಸು ಹತ್ತು ಲಕ್ಷ ವರ್ಷಕ್ಕೂ ಮೀರಿದ್ದೆಂದು ಅಂದಾಜಾಗಿದೆ. ಇದೇ ಸೀಮೆಯ ರಾಜನಕೋಳೂರಿನ ಶಿಲಾಗೋರಿಗಳನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ಲೋಕಕ್ಕೆ ಪರಿಚಯಿಸಿದವನು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಹೀಗೆ ಕಲ್ಲಿನ ಕಥೆ ಚೆನ್ನಾಗಿ ದಾಖಲಾಯಿತು. ಅದೇ ಕಲ್ಲಿನ ಮರೆಯಲ್ಲಿ ಬೆಳೆದ ಬಂದೂಕಿನ ವಿದ್ಯೆ ಮಾತ್ರ ರಾಜವಂಶದ ಶೌರ್ಯದ ಕಥೆಯೊಳಗೆ ಕರಗಿಹೋಯಿತು. ಶೌರ್ಯವನ್ನು ಹೊಗಳುವವರು ಯಾರು ಹೋರಾಡಿದರು, ಯಾರ ವಿರುದ್ಧ ಹೋರಾಡಿದರು ಎಂದು ಹೇಳುತ್ತಾರೆ. ಆ ಕೈ ಬಂದೂಕನ್ನು ಎಲ್ಲಿ ಊರಿತ್ತು ಎಂದು ಕೇಳುವವರು ಕಡಿಮೆ. ಒಂದು ವಿದ್ಯೆಯ ಇತಿಹಾಸ ಬರೆಯುವವರಿಗೆ ಅದೇ ಮೊದಲ ಪ್ರಶ್ನೆಯಾಗಬೇಕು.

ಕೃಷ್ಣಾ ಮತ್ತು ಭೀಮೆಯ ನಡುವಿನ ಈ ನಾಡು ಹದಿನೇಳನೆಯ ಶತಮಾನದ ಕೊನೆಯಲ್ಲಿ ಬೇಡ ನಾಯಕರ ಕೈಯಲ್ಲಿತ್ತು. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರ ವಶವಾದ ಮೇಲೆ ಔರಂಗಜೇಬನ ಕಣ್ಣು ಇತ್ತ ಬಿತ್ತು. ಶಹಾಪುರದ ಬಳಿಯ ಸಗರ 1687ರ ಕೊನೆಯಲ್ಲಿ ಮೊಗಲರಿಗೆ ಒಪ್ಪಿತು. ಅಲ್ಲಿಯ ಪಾಮನಾಯಕ ಶರಣಾಗಿ ದರಬಾರಿಗೆ ಹೋದ, ಸ್ವಲ್ಪ ದಿನಗಳಲ್ಲೇ ತೀರಿಕೊಂಡ. ಅವನ ಬಳಿಕ ಪೀತಾಂಬರ ಬಹರಿ ಪಿಡ್ಡನಾಯಕ ವಾಗಣಗೇರಾದ ಗುಡ್ಡದ ಮೇಲೆ ಕೋಟೆಯನ್ನು ಬಲಪಡಿಸಿ ಕೂತ. ಮೊಗಲರ ಬರಹಗಳು ಬೇಡರನ್ನು ‘ಕಾಲಾ ಪ್ಯಾದಾ’, ಅಂದರೆ ಕರಿಯ ಕಾಲಾಳುಗಳು ಎಂದು ಕರೆದವು. ಆ ಕಾಲಾಳುಗಳ ಎರಡು ಗುಣಗಳಿಗೆ ಶತ್ರುಗಳೂ ತಲೆದೂಗಿದರು: ಒಂದು ರಾತ್ರಿಯ ದಾಳಿ, ಇನ್ನೊಂದು ತಪ್ಪದ ಗುರಿ. ದಖನ್ನಿನ ಕೋಟೆಗಳನ್ನು ಒಂದಾದ ಮೇಲೊಂದು ಹಿಡಿದಿದ್ದ ಔರಂಗಜೇಬ 1705ರ ಫೆಬ್ರವರಿ 8ರಂದು, ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ, ತಾನೇ ವಾಗಣಗೇರಾದ ಮುಂದೆ ಬಂದು ಬಿಡಾರ ಹೂಡಿದ. ಅದು ಅವನ ಬದುಕಿನ ಕೊನೆಯ ಮುತ್ತಿಗೆ. ಏಪ್ರಿಲ್ 27ರವರೆಗೆ, ಹೆಚ್ಚುಕಡಿಮೆ ಮೂರು ತಿಂಗಳು, ಒಬ್ಬ ಪಾಳೆಯಗಾರನ ಗುಡ್ಡ ದೊಡ್ಡ ಸಾಮ್ರಾಜ್ಯದ ಸೈನ್ಯವನ್ನು ಕಟ್ಟಿಹಾಕಿತ್ತು.

ಆ ಮುತ್ತಿಗೆಯ ಮೊದಲ ದಿನಗಳ ಒಂದು ಘಟನೆ ಈ ವಾದಕ್ಕೆ ಮುಖ್ಯ. ಕೋಟೆಯ ಎದುರಿಗೆ ಮೊಗಲರು ಲಾಲ್ ಟೀಕ್ರಿ ಎಂದು ಕರೆದ ಒಂದು ಕೆಂಪು ದಿಬ್ಬವಿತ್ತು. ಅದರ ಮೇಲಿಂದ ಊರಿನ ಒಂದು ಭಾಗದ ಮೇಲೆ ಗುಂಡು ಹಾರಿಸಬಹುದಿತ್ತು. ನೆಲ ನೋಡಲು ಹೊರಟ ಮೊಗಲರ ತುಕಡಿ ಒಂದು ಬೆಳಗ್ಗೆ ಅದನ್ನು ಅನಿರೀಕ್ಷಿತವಾಗಿ ಹಿಡಿದುಬಿಟ್ಟಿತು. ಹಿಡಿದದ್ದು ಹೌದು, ಉಳಿಸಿಕೊಳ್ಳಲು ಆಗಲಿಲ್ಲ. ಬೇಡರು ಗುಂಪುಗುಂಪಾಗಿ ಬಂದು ಬಂದೂಕಿನಿಂದಲೂ ಕಲ್ಲಿನಿಂದಲೂ ಹೊಡೆದು ಅವರನ್ನು ಇಳಿಸಿದರು. ಆಮೇಲೆ ವಾರಗಟ್ಟಲೆ ಮೊಗಲ್ ಸರದಾರರು ದಿಬ್ಬದ ಆಸುಪಾಸಿನಲ್ಲಿ ಠಾಣೆ ಹಾಕಿ ಕೂತರೂ ಕೋಟೆಯ ಹತ್ತಿರಕ್ಕೆ ಸರಿಯುವುದು ಕಷ್ಟವಾಯಿತು. ಫಿರಂಗಿಯ ಬಲದಲ್ಲಿ ಮೊಗಲರೇ ಮೇಲು, ಸಂಖ್ಯೆಯಲ್ಲೂ ಅವರೇ ಮೇಲು. ಅವರನ್ನು ತಡೆದದ್ದು ಎತ್ತರದ ಮರೆಯಿಂದ ಬಂದ ಗುಂಡು. ಕಂದಕ ತೋಡುವವನು ತಲೆ ಎತ್ತಿದ ಗಳಿಗೆ ನೋಡಿ ಹೊಡೆಯಬೇಕಾದರೆ ಕಾಯಬೇಕು. ಕಾಯಬೇಕಾದರೆ ಬಂದೂಕಿನ ಭಾರವನ್ನು ತೋಳಿನಿಂದ ಬೇರೆ ಯಾವುದಕ್ಕಾದರೂ ದಾಟಿಸಬೇಕು.

ಈ ಕೊನೆಯ ಮಾತು ಊಹೆಯಂತೆ ಕೇಳಿಸಬಹುದು. ಅಂದಿನ ಬಂದೂಕನ್ನು ಕೈಗೆತ್ತಿಕೊಂಡು ನೋಡಿದರೆ ಅದರ ತರ್ಕ ತಿಳಿಯುತ್ತದೆ. ಬೇಡರ ಕೈಯಲ್ಲಿದ್ದದ್ದು ಬತ್ತಿಯ ಬಂದೂಕು. ನಳಿಗೆ ಉದ್ದ, ಎಷ್ಟೋ ಬಂದೂಕುಗಳಲ್ಲಿ ಒಂದು ಮೀಟರಿಗೂ ಮಿಕ್ಕಿದ್ದು. ಹಿಂಬದಿಯ ಮರ ಮಾತ್ರ ಸಪೂರ, ಯುರೋಪಿನ ಬಂದೂಕಿನಂತೆ ಭುಜಕ್ಕೆ ಒತ್ತಿ ನಿಲ್ಲುವ ಅಗಲವಾದ ಹಿಂಬದಿ ಅದಕ್ಕಿರಲಿಲ್ಲ. ಹೀಗಾಗಿ ತೂಕವೆಲ್ಲ ಮುಂದಕ್ಕೆ ವಾಲುತ್ತಿತ್ತು. ಕುದುರೆ ಎಳೆದರೆ ಹೊಗೆಯಾಡುವ ಬತ್ತಿ ಕೆಳಗಿಳಿದು ಬಟ್ಟಲಿನ ರಂಜಕಕ್ಕೆ ತಾಗಬೇಕು, ರಂಜಕ ಹೊತ್ತಿ ಸಣ್ಣ ತೂತಿನೊಳಗೆ ಬೆಂಕಿ ಹೋಗಬೇಕು, ಒಳಗಿನ ಮದ್ದು ಸಿಡಿಯಬೇಕು, ಆಮೇಲೆ ಗುಂಡು ಹೊರಡಬೇಕು. ಬೆರಳು ಆಡಿದ್ದಕ್ಕೂ ಗುಂಡು ಹೊರಟಿದ್ದಕ್ಕೂ ನಡುವೆ ಮನುಷ್ಯನಿಗೆ ಗೊತ್ತಾಗುವಷ್ಟು ಹೊತ್ತು ಕಳೆಯುತ್ತಿತ್ತು. ಅದೂ ಮುಖದ ಪಕ್ಕದಲ್ಲೇ ಬೆಂಕಿ ಭುಗಿಲೆಂದಾಗ ಅಲುಗದೆ ಇರಬೇಕು. ಲೆಕ್ಕ ಸರಳ: ಒಂದು ಮೀಟರ್ ಉದ್ದದ ನಳಿಗೆಯ ತುದಿ ಒಂದೇ ಮಿಲಿಮೀಟರ್ ಸರಿದರೆ ನೂರು ಮೀಟರ್ ಆಚೆ ಗುಂಡು ಹತ್ತು ಸೆಂಟಿಮೀಟರ್ ಸರಿದಿರುತ್ತದೆ. ಉಸಿರು, ನಾಡಿ, ತೋಳಿನ ದಣಿವು ಎಲ್ಲವೂ ಆ ಒಂದು ಮಿಲಿಮೀಟರಿಗೆ ಸಾಲುತ್ತವೆ. ಇಂಥ ಬಂದೂಕಿನಿಂದ ತಪ್ಪದ ಗುರಿಗೆ ಹೆಸರಾದವರು ಬಂಡೆಯ ಮೇಲೋ ಕೋಟೆಯ ಕಿಂಡಿಯಲ್ಲೋ ನಳಿಗೆ ಒರಗಿಸಿರಲೇಬೇಕು.

ಸಮಕಾಲೀನ ಸಾಕ್ಷಿಯೂ ಇದೆ. ಔರಂಗಜೇಬನ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಉತ್ತರ ಭಾರತದಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯೆ ಮೊಗಲ್ ಬಂದೂಕುಗಾರರನ್ನು ವರ್ಣಿಸಿದ್ದಾನೆ. ಅವರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ತಾವೇ ಹೊತ್ತು ತಿರುಗುವ ಮರದ ಕವೆಯ ಮೇಲೆ ಬಂದೂಕು ಇಟ್ಟು ಹೊಡೆಯುತ್ತಾರೆ, ಕಣ್ಣು, ಗಡ್ಡ ಸುಟ್ಟುಕೊಳ್ಳುವ ಭಯ ಅವರಿಗೆ ಎಂದು ತಾತ್ಸಾರದಿಂದ ಬರೆದ. ತಾತ್ಸಾರವನ್ನು ಪಕ್ಕಕ್ಕಿಟ್ಟು ಓದಿದರೆ ಸಿಗುವ ಮಾಹಿತಿ ಬೆಲೆಯುಳ್ಳದ್ದು: ಈ ದೇಶದಲ್ಲಿ ಬಂದೂಕುಗಾರನ ಸಾಮಾನ್ಯ ಭಂಗಿ ಕೂತ ಭಂಗಿ, ಆಸರೆ ಅವನ ಸಾಮಾನಿನ ಒಂದು ಭಾಗ. ಅದಕ್ಕೂ ಒಂದು ಶತಮಾನ ಮೊದಲು, 1568ರಲ್ಲಿ, ಚಿತ್ತೋಡದ ಮುತ್ತಿಗೆಯಲ್ಲಿ ಅಕ್ಬರ್ ‘ಸಂಗ್ರಾಮ’ ಎಂಬ ತನ್ನ ಮೆಚ್ಚಿನ ಬಂದೂಕಿನಿಂದ ಕೋಟೆ ಕಾಯುತ್ತಿದ್ದ ಜೈಮಲನನ್ನು ಹೊಡೆದದ್ದೂ ಮುತ್ತಿಗೆಗೆಂದು ಕಟ್ಟಿದ ಮರೆಯೊಳಗಿಂದ. ಅಬುಲ್ ಫಜಲ್ ಅದನ್ನು ಬಾದಶಹನ ಗುರಿಯ ಹಿರಿಮೆಯಾಗಿಯೇ ಬರೆದ. ಮರೆಯಲ್ಲಿದ್ದ ಎಂಬುದರಿಂದ ಆ ಹಿರಿಮೆ ತಗ್ಗುತ್ತದೆಂದು ಅಂದಿನ ಓದುಗರಿಗೆ ಅನ್ನಿಸಿರಲಾರದು. ಬಡಗಣ ಕರ್ನಾಟಕದ ಹಳ್ಳಿಗಳಲ್ಲಿ ಈಗಲೂ ನಿಂತಿರುವ ಹುಡೆಗಳನ್ನು ನೋಡಿ. ದುಂಡನೆಯ ಎತ್ತರದ ಗೋಡೆ, ಅದರಲ್ಲಿ ಅಲ್ಲಲ್ಲಿ ಕಿಂಡಿ. ಆ ಕಿಂಡಿ ಒಳಗಿದ್ದವನಿಗೆ ಮರೆ, ಬಂದೂಕಿಗೆ ಆಸರೆ, ಕಣ್ಣಿಗೆ ಚೌಕಟ್ಟು. ಕಟ್ಟುವ ಕೆಲಸದವರಿಗೂ ಗುರಿಕಾರ ಎಲ್ಲಿ ಕೈ ಊರುತ್ತಾನೆ ಎಂಬುದು ಗೊತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಒಳಮೈ ನುಣುಪಾದ ಬತ್ತಿಯ ಬಂದೂಕಿನ ಗುಂಡು ನೂರು ಹೆಜ್ಜೆಯಾಚೆ ಎತ್ತ ಹೋಗುತ್ತದೆಂದು ಹೇಳುವುದೇ ಕಷ್ಟ, ಅಂಥದಕ್ಕೆ ಆಸರೆ ಕೊಟ್ಟರೆಷ್ಟು ಬಿಟ್ಟರೆಷ್ಟು? ಗುಂಡು ನಳಿಗೆಗೆ ಸಡಿಲವಾಗಿದ್ದಾಗ ಈ ಮಾತು ನಿಜ. ಆದರೆ ನಳಿಗೆಗೆ ಸರಿಹೊಂದುವ ಗುಂಡು, ಬಟ್ಟೆಯ ಚೂರಿನಲ್ಲಿ ಬಿಗಿಯಾಗಿ ಕೂರಿಸಿದ ತುಂಬುವಿಕೆ, ಅಳೆದ ಮದ್ದು, ಉದ್ದದ ನಳಿಗೆ ಇಷ್ಟಿದ್ದರೆ ಬಂದೂಕಿನ ತಪ್ಪು ಕಡಿಮೆಯಾಗುತ್ತದೆ. ಬಂದೂಕಿನ ತಪ್ಪು ಕಡಿಮೆಯಾದಷ್ಟೂ ಕೈಯ ತಪ್ಪು ಎದ್ದು ಕಾಣುತ್ತದೆ. ಅಫ್ಘಾನಿಸ್ತಾನದ ಜೆಜೈಲ್ ಇದಕ್ಕೆ ಉದಾಹರಣೆ. ಅದೂ ಉದ್ದ ನಳಿಗೆಯ ಬಂದೂಕು, ಹಲವಕ್ಕೆ ಕವೆಯನ್ನೇ ಜೋಡಿಸಿರುತ್ತಿದ್ದರು. 1842ರ ಜನವರಿಯಲ್ಲಿ ಕಾಬೂಲಿನಿಂದ ಹಿಂದೆ ಸರಿದ ಬ್ರಿಟಿಷ್ ಸೈನ್ಯ ಕಣಿವೆಗಳಲ್ಲಿ ನಾಶವಾಗಲು ಚಳಿ, ಹಸಿವುಗಳ ಜೊತೆ ಎತ್ತರದ ಬಂಡೆಗಳ ಮೇಲಿಂದ ಬಂದ ಜೆಜೈಲಿನ ಗುಂಡೂ ಕಾರಣ. ಬ್ರಿಟಿಷರ ಮಸ್ಕೆಟ್ ಅಷ್ಟು ದೂರ ಮುಟ್ಟುತ್ತಲೇ ಇರಲಿಲ್ಲ. ಬಂಡೆ, ಎತ್ತರ, ಉದ್ದದ ನಳಿಗೆ ಮತ್ತು ತಾಳ್ಮೆ ಸೇರಿದಾಗ ಏನಾಗುತ್ತದೆ ಎಂಬುದು ವಾಗಣಗೇರಾದ ಬೇಡರಿಗೆ ಅದಕ್ಕೂ 137 ವರ್ಷ ಮೊದಲೇ ತಿಳಿದಿತ್ತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಆಸರೆಯ ಗುರಿ ಅಷ್ಟು ಬಲವಾಗಿದ್ದರೆ ವಾಗಣಗೇರಾ ಬಿದ್ದದ್ದೇಕೆ? ಉತ್ತರ ನೀರಿನಲ್ಲಿದೆ. ಮಾರ್ಚ್ ಕೊನೆಗೆ ಧನಾಜಿ ಜಾಧವನ ಮರಾಠಾ ಕುದುರೆ ಪಡೆ ಬೇಡರ ನೆರವಿಗೆ ಬಂತು. ಸಂಧಿಯ ಮಾತುಕತೆ ನಡೆಸುತ್ತಾ ನಾಯಕ ಸಮಯ ಗಳಿಸಿದ. ಆಮೇಲೆ ನುಸ್ರತ್ ಜಂಗ್ ಜುಲ್ಫಿಕರ್ ಖಾನ್ ಬಂದು, ಕೋಟೆಯವರು ನೀರು ಸೇದುತ್ತಿದ್ದ ಬಾವಿಗಳನ್ನು ಹಿಡಿದ. ಬೇಸಗೆಯ ನಡುವೆ ಬಾವಿ ಹೋದ ಮೇಲೆ ಎಂಥ ಗುರಿಕಾರನೂ ಬಂಡೆಯ ಹಿಂದೆ ಕೂತಿರಲಾರ. ಕೊನೆಯ ದಿನ ಬೇಡರು ಸಂಜೆಯವರೆಗೂ ಹೋರಾಡಿ, ಕತ್ತಲಾದ ಮೇಲೆ ಕೋಟೆ ಬಿಟ್ಟು ಮರಾಠರೊಂದಿಗೆ ಹೊರಟುಹೋದರು. ಮೊಗಲರಿಗೆ ಸಿಕ್ಕಿದ್ದು ಬಿಟ್ಟುಹೋದ ಕೋಟೆ. ಆಸರೆಯ ಗುರಿಗೆ ಮಿತಿಯಿದೆ: ಅದು ಗುರಿಕಾರನನ್ನು ಒಂದು ಜಾಗಕ್ಕೆ ಕಟ್ಟುತ್ತದೆ, ಜಾಗ ಹೋದರೆ ಅದರ ಬಲವೂ ಹೋಗುತ್ತದೆ. ಅದೇ ಬೇಡರು ರಾತ್ರಿಯ ದಾಳಿಗೂ ಹೆಸರಾಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಕೂತಾಗ ಕೂತ ವಿದ್ಯೆ, ನಡೆಯುವಾಗ ನಡೆಯುವ ವಿದ್ಯೆ. ಎರಡರಲ್ಲಿ ಒಂದನ್ನು ವೀರರದೆಂದೂ ಇನ್ನೊಂದನ್ನು ಅಂಜುಬುರುಕರದೆಂದೂ ಅವರು ವಿಂಗಡಿಸಿರಲಿಲ್ಲ. ಪಿಡ್ಡನಾಯಕ ಮುಂದೆ ಸುರಪುರವನ್ನು ರಾಜಧಾನಿ ಮಾಡಿಕೊಂಡ. ಔರಂಗಜೇಬ ವಾಗಣಗೇರಾದ ದಕ್ಷಿಣಕ್ಕಿರುವ ದೇವಾಪುರದಲ್ಲಿ ಬಿಡಾರ ಹೂಡಿದ್ದಾಗಲೇ ಕಾಯಿಲೆ ಬಿದ್ದ, 1707ರಲ್ಲಿ ಅಹ್ಮದನಗರದಲ್ಲಿ ಕೊನೆಯುಸಿರೆಳೆದ.

ಹಾಗಾದರೆ ನಿಂತು ಹೊಡೆಯುವುದೇ ಮೇಲೆಂಬ ಭಾವನೆ ಎಲ್ಲಿಂದ ಬಂತು? ಯುರೋಪಿನಲ್ಲೂ ಅದು ಮೊದಲಿನಿಂದ ಇದ್ದದ್ದಲ್ಲ. ಯಾಕೋಬ್ ಡಿ ಗೇನ್ 1607ರಲ್ಲಿ ಹೊರತಂದ ಸೈನಿಕ ಕವಾಯತಿನ ಚಿತ್ರಪುಸ್ತಕದಲ್ಲಿ ಡಚ್ಚರ ಬಂದೂಕುಗಾರ ಕೈಯಲ್ಲಿ ಕವೆಗೋಲು ಹಿಡಿದೇ ನಿಂತಿದ್ದಾನೆ. ಅಂದಿನ ಮಸ್ಕೆಟ್ ಅಷ್ಟು ಭಾರ. ಹದಿನೇಳನೆಯ ಶತಮಾನ ಸಾಗಿದಂತೆ ಬಂದೂಕು ಹಗುರವಾಯಿತು, ಕವೆಗೋಲು ಬಿದ್ದುಹೋಯಿತು. ಸೈನಿಕರನ್ನು ಹೆಗಲಿಗೆ ಹೆಗಲು ತಾಗಿಸಿ ಸಾಲಾಗಿ ನಿಲ್ಲಿಸಿ ಒಂದೇ ಮಾತಿಗೆ ಎಲ್ಲರಿಂದಲೂ ಗುಂಡು ಹಾರಿಸುವ ಪದ್ಧತಿ ಗಟ್ಟಿಯಾಯಿತು. ಆ ಸಾಲಿನಲ್ಲಿ ಯಾರೂ ಒಬ್ಬನನ್ನು ಆರಿಸಿ ಹೊಡೆಯುತ್ತಿರಲಿಲ್ಲ, ಎದುರಿನ ಸಾಲಿಗೆ ಹೊಡೆಯುತ್ತಿದ್ದರು. ಬೇಗ ತುಂಬುವುದು, ಹೆದರದೆ ನೆಟ್ಟಗೆ ನಿಲ್ಲುವುದು ಇವೇ ಅಲ್ಲಿಯ ಗುಣಗಳು. ನೆಟ್ಟಗೆ ನಿಲ್ಲುವುದು ಶಿಸ್ತಿನ ಗುರುತಾಗಿ, ಶಿಸ್ತು ಧೈರ್ಯದ ಗುರುತಾಗಿ, ಕೊನೆಗೆ ಧೈರ್ಯ ಗುರಿಯ ಗುರುತೂ ಆಗಿಬಿಟ್ಟಿತು. ಬರ್ನಿಯೆಯ ತಾತ್ಸಾರವನ್ನು ಈ ಬೆಳಕಿನಲ್ಲಿ ಓದಬೇಕು. ಯುರೋಪು ಆ ಹೊತ್ತಿಗೆ ಕವೆಗೋಲನ್ನು ಬಿಟ್ಟುಕೊಡುತ್ತಿತ್ತು. ತಾವು ನಿನ್ನೆ ಬಿಟ್ಟದ್ದನ್ನು ಇನ್ನೂ ಹಿಡಿದವರು ಅವನ ಕಣ್ಣಿಗೆ ಹಿಂದುಳಿದವರಾಗಿ ಕಂಡರು.

ಆ ಕವಾಯತು ಕಂಪನಿಯ ಪಲಟಣಗಳ ಜೊತೆ ನಮ್ಮ ಸೀಮೆಗೂ ಬಂತು, ಜೊತೆಗೆ ಬಂದೂಕು ಯಾರ ಕೈಯಲ್ಲಿರಬೇಕು ಎಂಬ ಕಾನೂನೂ ಬಂತು. 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಬಗ್ಗಲಿಲ್ಲ. ಆ ನವೆಂಬರಿನಲ್ಲಿ ಬ್ರಿಟಿಷ್ ಪಡೆ ಊರನ್ನು ಸುಟ್ಟಿತು, ಸೆರೆಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಿತು. ಮರುವರ್ಷ ಫೆಬ್ರವರಿಯಲ್ಲಿ ಸುರಪುರದ ಸರದಿ. ಮೆಡೋಸ್ ಟೇಲರನ ಕಣ್ಗಾವಲಿನಲ್ಲಿ ಬೆಳೆದ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರನ್ನು ಎದುರಿಸಿ ಸೋತು ಸೆರೆಯಾದ, ಮೇ ತಿಂಗಳಲ್ಲಿ ಸತ್ತ. ಸಂಸ್ಥಾನ ಕೈಬಿಟ್ಟಿತು, 1860ರ ಒಪ್ಪಂದದಲ್ಲಿ ನಿಜಾಮನಿಗೆ ಹೋಯಿತು. ಬಂದೂಕಿನ ಚಾಕರಿಗೆ ಭೂಮಿ ಉಣ್ಣುತ್ತಿದ್ದ ಪಡೆಗೆ ಆ ಚಾಕರಿಯೇ ಇಲ್ಲವಾಯಿತು. ಒಂದು ವಿದ್ಯೆ ಸಾಯುವುದಕ್ಕೆ ಇದಕ್ಕಿಂತ ಹೆಚ್ಚೇನೂ ಬೇಡ. ವಿದ್ಯೆ ಹೋದ ಮೇಲೆ ಅದರ ಭಂಗಿಯನ್ನು ಯಾರು ನೆನೆಯುತ್ತಾರೆ? ಕೊಡಗಿನಲ್ಲಿ ಹೀಗಾಗಲಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಉಳಿಯಿತು, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗಂಡಸರೂ ಹೆಂಗಸರೂ ಹೆಚ್ಚಾಗಿ ನಿಂತೇ ಗುಂಡು ಹೊಡೆಯುತ್ತಾರೆ. ಇಂದು ಕರ್ನಾಟಕದಲ್ಲಿ ಗುರಿ ಹೊಡೆಯುವ ಆಟ ಎಂದರೆ ಜನರ ಕಣ್ಣ ಮುಂದೆ ಬರುವುದು ಆ ಚಿತ್ರ. ಅದು ಸುಂದರವಾದ ಸಂಪ್ರದಾಯ, ಕಾಡಿನ ಬೇಟೆಯಿಂದ ಬಂದದ್ದು. ಗಿಡಮರಗಳ ನಡುವೆ ಓಡುವ ಹಂದಿಗೆ ಹೊಡೆಯುವವನಿಗೆ ಆಸರೆ ಹುಡುಕಲು ಪುರುಸೊತ್ತಿಲ್ಲ. ಸುರಪುರದ ಬಯಲಿನ ಗುಡ್ಡದಲ್ಲಿ ಕೂತು ದೂರದವನನ್ನು ಕಾಯುವವನ ವಿದ್ಯೆ ಬೇರೆ. ನೆಲ ಬೇರೆ, ಕೆಲಸ ಬೇರೆ, ಭಂಗಿ ಬೇರೆ. ಕೊಡಗಿನದು ಉಳಿದಿದೆ ಎಂದಮಾತ್ರಕ್ಕೆ ಅದೊಂದೇ ಕನ್ನಡ ನಾಡಿನ ಗುರಿವಿದ್ಯೆ ಆಗುವುದಿಲ್ಲ.

ಸುರಪುರ ನಿಜಾಮನ ಕೈಸೇರಿದ ಅದೇ 1860ರಲ್ಲಿ ಇಂಗ್ಲೆಂಡಿನಲ್ಲಿ ಗುರಿ ಹೊಡೆಯುವುದು ಸಾರ್ವಜನಿಕ ಆಟವಾಗುತ್ತಿತ್ತು. ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ಅಲ್ಲಿಯ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟವನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದಳು. ವಿಟ್‌ವರ್ತ್ ರೈಫಲನ್ನು ಕಬ್ಬಿಣದ ಆಸರೆಗೆ ಬಿಗಿದು, 400 ಗಜ ದೂರದ ಗುರಿಗೆ ಮೊದಲೇ ಹೊಂದಿಸಿ ಇಟ್ಟಿದ್ದರು. ರಾಣಿ ಟ್ರಿಗರಿಗೆ ಕಟ್ಟಿದ ದಾರ ಎಳೆದಳು, ಗುಂಡು ಗುರಿಯ ನಡುವಿನಿಂದ ಒಂದೂಕಾಲು ಇಂಚು ಆಚೆ ಬಿತ್ತು. ಆಧುನಿಕ ಗುರಿಯಾಟದ ಈ ಹೆಸರಾಂತ ಮೊದಲ ಗುಂಡು ಪೂರ್ತಿ ಆಸರೆಯ ಗುಂಡು. ಮುಂದೆ 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಕ್ರೀಡ್‌ಮೂರ್‌ನಲ್ಲಿ ಅಮೆರಿಕ ಮತ್ತು ಐರ್ಲೆಂಡ್ ತಂಡಗಳು 800, 900, 1000 ಗಜಗಳಿಗೆ ಸ್ಪರ್ಧಿಸಿದವು. ಅಮೆರಿಕದವರು 934 ಅಂಕ ಪಡೆದು ಮೂರೇ ಅಂಕದಿಂದ ಗೆದ್ದರು. ಅಲ್ಲಿಯ ನಿಯಮ ಕೃತಕ ಆಸರೆಯನ್ನು ಒಪ್ಪುತ್ತಿರಲಿಲ್ಲ, ದೇಹದ ಆಸರೆಯನ್ನು ಎಷ್ಟಾದರೂ ಒಪ್ಪುತ್ತಿತ್ತು. ಹೀಗಾಗಿ ಅಮೆರಿಕದ ಹೆನ್ರಿ ಫುಲ್ಟನ್ ಅಂಗಾತ ಮಲಗಿ, ಕಾಲುಗಳನ್ನೇ ಕವೆ ಮಾಡಿಕೊಂಡು ನಳಿಗೆ ಇಟ್ಟು ಹೊಡೆದ. ಮರದ ಕವೆ ತಪ್ಪು, ಮಂಡಿಯ ಕವೆ ಸರಿ! ಮುಂದೆ ಬೋಯರ್ ಯುದ್ಧದಲ್ಲಿ, 1899ರಿಂದ 1902ರವರೆಗೆ, ಬಂಡೆಗಳ ಹಿಂದೆ ಅಡಗಿದ ರೈತರ ಗುಂಡಿಗೆ ಸಿಕ್ಕ ಬ್ರಿಟಿಷರು ನಿಂತು ಹೊಡೆಯುವ ಮೋಹವನ್ನು ಸೈನ್ಯದಲ್ಲಿ ಬಹುಮಟ್ಟಿಗೆ ಕೈಬಿಟ್ಟರು. ಆಟದಲ್ಲಿ ಮಾತ್ರ ಅದರ ಪ್ರತಿಷ್ಠೆ ಉಳಿದುಕೊಂಡಿತು.

ಇಂದಿನ ರೈಫಲ್ ಸ್ಪರ್ಧೆಯ ನಿಯಮಗಳನ್ನು ಹತ್ತಿರದಿಂದ ನೋಡಿದರೆ ಆಸರೆಯಿಲ್ಲದ ಗುರಿ ಎಂಬುದು ಎಲ್ಲೂ ಇಲ್ಲ. ಮಲಗಿ ಹೊಡೆಯುವವನ ತೋಳಿಗೂ ರೈಫಲಿಗೂ ನಡುವೆ ಬಿಗಿದ ಪಟ್ಟಿ ಇರುತ್ತದೆ, ಭಾರ ಹೊರುವುದು ಆ ಪಟ್ಟಿ ಮತ್ತು ನೆಲಕ್ಕೂರಿದ ಮೊಣಕೈ. ಮಂಡಿಯೂರುವವನ ಪಾದದ ಕೆಳಗೆ ಸಿಂಬಿಯಂಥ ದಿಂಬು ಇಡಲು ಅವಕಾಶವಿದೆ. ನಿಂತವನೂ ಬರಿ ತೋಳಿನಿಂದ ಹಿಡಿಯುವುದಿಲ್ಲ. ಎಡ ಮೊಣಕೈಯನ್ನು ಸೊಂಟದ ಎಲುಬಿಗೆ ಊರಿ, ಬೆನ್ನು ಹಿಂದಕ್ಕೆ ಬಾಗಿಸಿ, ಸುಮಾರು ಐದು ಕಿಲೋ ತೂಗುವ ರೈಫಲನ್ನು ಎಲುಬಿನ ಮೇಲೆ ನಿಲ್ಲಿಸುತ್ತಾನೆ. ಅದರ ಮೇಲೆ ದಪ್ಪ ಕ್ಯಾನ್‌ವಾಸು, ಚರ್ಮದ ಬಿಗಿ ಜಾಕೆಟ್ಟು, ಪ್ಯಾಂಟು. ಇವೆಲ್ಲ ಆಸರೆಗಳೇ. ಎಲುಬು, ಪಟ್ಟಿ, ದಿಂಬು, ನೆಲ, ಬಂಡೆ, ಮೇಜು ಹೀಗೆ ಒಂದು ಸಾಲು ಇದೆ, ನಿಯಮ ಮಾಡುವವರು ಆ ಸಾಲಿನಲ್ಲಿ ಎಲ್ಲೋ ಒಂದು ಕಡೆ ಗೆರೆ ಎಳೆಯುತ್ತಾರೆ. ಗೆರೆ ಬೇಕು, ಗೆರೆಯಿಲ್ಲದೆ ಆಟವಿಲ್ಲ. ಆದರೆ ಗೆರೆ ಸರಿಯುತ್ತಲೂ ಇರುತ್ತದೆ. 50 ಮೀಟರ್ ಬೋರಲು ರೈಫಲ್ ಸ್ಪರ್ಧೆ 2016ರ ರಿಯೋ ಕೂಟದ ನಂತರ ಒಲಿಂಪಿಕ್ಸ್ ಸ್ಪರ್ಧೆಗಳ ಪಟ್ಟಿಯಿಂದ ಹೊರಬಿತ್ತು. ಅಂದಿನಿಂದ ಬೋರಲು ಮಲಗಿದವನ ವಿದ್ಯೆ ಕಡಿಮೆಯಾಯಿತೆಂದು ಯಾರೂ ಹೇಳಲಾರರು. ಬೀಜಿಂಗ್‌ನಲ್ಲಿ 2008ರಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರದು ನಿಂತು ಹೊಡೆಯುವ 10 ಮೀಟರ್ ಏರ್ ರೈಫಲ್, ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದನ್ನು ನಿಂತು ಹೊಡೆಯುವುದು ಮಹತ್ತರವಾದ ಸಾಧನೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ನನ್ನ ತಕರಾರು ಅದೊಂದೇ ಸಾಧನೆ ಎಂಬ ಮಾತಿನ ಮೇಲೆ.

ಮೇಜಿನ ಗುರಿಯ ಆಟ, ಅಂದರೆ ಬೆಂಚ್‌ರೆಸ್ಟ್, ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಬೇರುಬಿಟ್ಟು ಎರಡನೆಯ ಮಹಾಯುದ್ಧದ ನಂತರ ಸಂಘಟಿತ ಸ್ಪರ್ಧೆಯಾಯಿತು. ಅಲ್ಲಿ ಸಾಮಾನ್ಯವಾಗಿ ಐದು ಗುಂಡು ಹೊಡೆದು, ಅತಿ ದೂರ ಬಿದ್ದ ಎರಡರ ನಡುವಿನ ಅಂತರ ಅಳೆಯುತ್ತಾರೆ. ನುರಿತವರು ಹೊಡೆದರೆ ನೂರು ಗಜದಲ್ಲಿ ಐದೂ ಗುಂಡು ಒಂದೇ ತೂತಿನಲ್ಲಿ ಹೋದಂತೆ ಕಾಣುತ್ತದೆ. ಇದು ಯಂತ್ರದ ಪರೀಕ್ಷೆಯಷ್ಟೇ ಎಂಬ ಆಕ್ಷೇಪಕ್ಕೆ ಇಲ್ಲಿ ಉತ್ತರ ಕೊಡಬೇಕು. ಬಂದೂಕಿನ ಪಾಲು ಇಲ್ಲಿ ದೊಡ್ಡದು, ಒಪ್ಪುತ್ತೇನೆ. ಒಳ್ಳೆಯ ನಳಿಗೆಯಿಲ್ಲದವನು ಗೆಲ್ಲಲಾರ. ಆದರೆ ಒಳ್ಳೆಯ ನಳಿಗೆಯಿದ್ದವರೆಲ್ಲ ಗೆಲ್ಲುವುದೂ ಇಲ್ಲ. ಕೈಯ ನಡುಕವನ್ನು ಮರಳುಚೀಲ ತೆಗೆದುಹಾಕಿದ ಮೇಲೆ ಉಳಿಯುವುದು ಗಾಳಿ. ಗುರಿಯ ದಾರಿಯುದ್ದಕ್ಕೂ ನೆಟ್ಟ ಬಾವುಟಗಳು ಬೇರೆ ಬೇರೆ ದಿಕ್ಕಿಗೆ ಹಾರುತ್ತಿರುತ್ತವೆ. ಅವುಗಳನ್ನು ಓದಿ, ಯಾವ ಗಳಿಗೆಯಲ್ಲಿ ಹೊಡೆಯಬೇಕು, ಯಾವಾಗ ತಡೆಯಬೇಕು ಎಂದು ತೀರ್ಮಾನಿಸುವುದು ಮೇಜಿನಿಂದ ಆಗುವ ಕೆಲಸವಲ್ಲ. ಮದ್ದು ಅಳೆದು ತುಂಬುವುದು, ಪ್ರತಿ ಸಲವೂ ಚೀಲದ ಮೇಲೆ ಬಂದೂಕನ್ನು ಅದೇ ಜಾಗಕ್ಕೆ ಕೂರಿಸುವುದು, ಕೆನ್ನೆಯನ್ನೂ ಭುಜವನ್ನೂ ಅಷ್ಟೇ ಒತ್ತುವುದು ಅಥವಾ ಒತ್ತದಿರುವುದು, ಇವೂ ಅಭ್ಯಾಸದ ಫಲ. ಒಂದು ಕಷ್ಟವನ್ನು ತೆಗೆದರೆ ಅದರಡಿ ಮುಚ್ಚಿದ್ದ ಇನ್ನೊಂದು ಕಷ್ಟ ಮೇಲೆ ಬರುತ್ತದೆ. ನಿಂತವನ ಕೈನಡುಕದಲ್ಲಿ ಗಾಳಿಯ ಸಣ್ಣ ಬದಲಾವಣೆ ಮುಚ್ಚಿಹೋಗುತ್ತದೆ, ಮೇಜಿನವನಿಗೆ ಹಾಗೆ ನೆಪ ಸಿಗುವುದಿಲ್ಲ. ವಾಗಣಗೇರಾದ ಬಂಡೆಯ ಮೇಲೆ ಕೂತವನಿಗೂ ಮಾಘ-ಫಾಲ್ಗುಣದ ಬಯಲುಗಾಳಿಯನ್ನು ಓದಲೇಬೇಕಿತ್ತು.

ಯುದ್ಧವನ್ನೂ ಆಟವನ್ನೂ ಹೀಗೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಕೇಳುವವರಿರಬಹುದು. ಯುದ್ಧದಲ್ಲಿ ಗೆಲ್ಲುವುದಷ್ಟೇ ಮುಖ್ಯ, ಆಟದಲ್ಲಿ ಕಷ್ಟವನ್ನು ಬೇಕೆಂದೇ ತಂದುಕೊಳ್ಳುತ್ತೇವೆ, ಆದ್ದರಿಂದ ಹೆಚ್ಚು ಕಷ್ಟದ ಭಂಗಿಗೆ ಹೆಚ್ಚು ಗೌರವ ಎಂಬುದು ಅವರ ತರ್ಕ. ಹಾಗಿದ್ದರೆ ಒಂಟಿಗಾಲಿನಲ್ಲಿ ನಿಂತು ಹೊಡೆಯುವುದಕ್ಕೆ ಇನ್ನೂ ಹೆಚ್ಚು ಗೌರವ ಸಲ್ಲಬೇಕಿತ್ತು. ಕಷ್ಟದ ಪ್ರಮಾಣ ಗೌರವವನ್ನು ನಿರ್ಧರಿಸುವುದಿಲ್ಲ, ಯಾವ ಬಗೆಯ ಕಷ್ಟವನ್ನು ಅಳೆಯಲು ಹೊರಟಿದ್ದೇವೆ ಎಂಬುದು ನಿರ್ಧರಿಸುತ್ತದೆ. ಪ್ಯಾರಾ ಶೂಟಿಂಗ್ ಇದನ್ನು ನಮಗಿಂತ ಮೊದಲೇ ಅರಿತುಕೊಂಡಿದೆ. ಎಸ್‌ಎಚ್1 ವರ್ಗದವರು ಬಂದೂಕಿನ ಭಾರವನ್ನು ತಾವೇ ಹೊರಬಲ್ಲವರು. ಅವನಿ ಲೇಖರಾ ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಚಿನ್ನ ಗೆದ್ದದ್ದು ಈ ವರ್ಗದ ‘ನಿಲುವು’ ಸ್ಪರ್ಧೆಯಲ್ಲಿ, ಗಾಲಿಕುರ್ಚಿಯಲ್ಲಿ ಕೂತು. ಅದೇ ವರ್ಗದ ‘ಬೋರಲು’ ಸ್ಪರ್ಧೆಯಲ್ಲಿ ಗಾಲಿಕುರ್ಚಿಯವರು ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರುತ್ತಾರೆ. ಎಸ್‌ಎಚ್2 ವರ್ಗದಲ್ಲಿ ತೋಳಿನ ಬಲ ಸಾಲದವರಿಗೆ ರೈಫಲಿನ ಭಾರವನ್ನು ಹೊರಲು ಸ್ಪ್ರಿಂಗಿನ ಸ್ಟ್ಯಾಂಡೇ ಇದೆ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಸ್ಪರ್ಧಿಸಿದ್ದು ಆ ವರ್ಗದಲ್ಲಿ. ಅವರ ಗುರಿಯನ್ನು ಸ್ಟ್ಯಾಂಡಿನ ಗುರಿ ಎಂದು ತಳ್ಳಿಹಾಕಲು ಯಾರಿಗೆ ಮನಸ್ಸು ಬಂದೀತು? ಆ ಗೌರವವನ್ನು ಮೇಜಿನ ಮುಂದೆ ಕೂತ ಉಳಿದವರಿಗೆ ನಿರಾಕರಿಸಲು ಬೇರೆ ಕಾರಣವೂ ಕಾಣುವುದಿಲ್ಲ.

ಇದು ಬರಿ ಹಳೆಯ ಕಥೆಯ ವಿಚಾರವಲ್ಲ. 4.5 ಮಿಲಿಮೀಟರ್ ನಳಿಗೆಯ, 20 ಜೂಲಿಗಿಂತ ಕಡಿಮೆ ಬಲದ ಏರ್ ರೈಫಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಹತ್ತು ಮೀಟರ್ ಉದ್ದದ ಕೋಣೆ, ಗುಂಡು ತಡೆಯುವ ಗಟ್ಟಿ ಹಿನ್ನೆಲೆ, ಎಚ್ಚರದ ತರಬೇತುದಾರರು ಇದ್ದರೆ ತಾಲ್ಲೂಕು ಕೇಂದ್ರದ ಕಾಲೇಜೂ ಈ ಆಟವನ್ನು ಕಲಿಸಬಹುದು. ಎನ್‌ಸಿಸಿ ಕೆಡೆಟ್‌ಗಳು .22 ರೈಫಲಿನಿಂದ ಮಲಗಿಯೇ ಹೊಡೆದು ಗ್ರೂಪಿಂಗ್ ಕಲಿಯುತ್ತಾರೆ, ಹಾಗಾಗಿ ಆಸರೆಯ ಮೂಲಕ ಗುರಿ ಕಲಿಯುವುದು ನಮ್ಮ ಮಕ್ಕಳಿಗೆ ಹೊಸದೂ ಅಲ್ಲ. ತೊಡಕು ಇರುವುದು ದುಡ್ಡಿನಲ್ಲಿ ಮತ್ತು ಅಂಕದ ಪುಸ್ತಕದಲ್ಲಿ. ನಿಂತು ಹೊಡೆಯುವ ಆಟಕ್ಕೆ ಅಳತೆ ಕೊಟ್ಟು ಹೊಲಿಸಿದ ಜಾಕೆಟ್ಟು, ಪ್ಯಾಂಟು, ಬೂಟು ಬೇಕು, ಅವುಗಳ ಬೆಲೆ ಹೆಚ್ಚು. ಮೇಜಿಗೆ ಗಟ್ಟಿ ಹಲಗೆ ಮತ್ತು ಮರಳು ತುಂಬಿದ ಚೀಲ ಸಾಕು, ರೈಫಲನ್ನು ಸರದಿಯಂತೆ ಎಲ್ಲರೂ ಬಳಸಬಹುದು. ಬೆನ್ನು ನೋವಿನವರು, ಕಾಲು ಸೋತವರು, ವಯಸ್ಸಾದವರು, ತೋಳಲ್ಲಿ ಇನ್ನೂ ಬಲ ಕೂಡದ ಹುಡುಗ ಹುಡುಗಿಯರು ಒಂದೇ ಕೋಣೆಯಲ್ಲಿ ಸಮನಾಗಿ ಸ್ಪರ್ಧಿಸಬಹುದು. ಆದರೆ ಮೇಜಿನ ಅಂಕವನ್ನು ಕಲಿಕೆಯ ಅಂಕವೆಂದು ಪಕ್ಕಕ್ಕಿಟ್ಟು ನಿಂತ ಅಂಕವನ್ನಷ್ಟೇ ಲೆಕ್ಕ ಹಿಡಿದರೆ ಅವರಲ್ಲಿ ಬಹುಪಾಲು ಜನ ಒಂದು ವರ್ಷದೊಳಗೆ ಬಿಟ್ಟುಹೋಗುತ್ತಾರೆ. ಹುಣಸಗಿಯಲ್ಲಾಗಲಿ ಸುರಪುರದಲ್ಲಾಗಲಿ ಇಂಥ ಕೋಣೆ ತೆರೆದರೆ ಎರಡು ಸ್ಪರ್ಧೆ, ಎರಡು ದಾಖಲೆ, ಎರಡು ಬಹುಮಾನ ಇರಲಿ, ಮತ್ತು ಮೇಜಿನ ಸ್ಪರ್ಧೆಯನ್ನು ಕಾರ್ಯಕ್ರಮದ ಪಟ್ಟಿಯಲ್ಲಿ ಮೊದಲು ಬರೆಯಲಿ.